ಹಳೇ ಫ್ರಿಜ್‌ನಲ್ಲಿ 25 ಡಿಗ್ರಿ: ಬಳ್ಳಾರಿ ಬಿಸಿಲಿನಲ್ಲಿ ಹಣ್ಣಿನ ನೊಣ ಸಾಕಿದ ದಿನಚರಿ

ಮೊನ್ನೆ ಜುಲೈ 31ಕ್ಕೆ ಕೊನೆಯ ಬಾಟಲಿಯ ನೊಣಗಳನ್ನು ಎಣಿಸಿ ಮುಗಿಸಿದೆವು. ಫೆಬ್ರವರಿಯಲ್ಲಿ ಶುರು ಮಾಡಿದ ಕೆಲಸ. ಐದಾರು ವಾರದಲ್ಲಿ ಮುಗಿಯುತ್ತದೆ ಅಂದುಕೊಂಡಿದ್ದೆ, ಆರು ತಿಂಗಳು ಹಿಡಿಯಿತು. ನಾನು ತಪ್ಪನ್ನು ಬೇರೆ ಕಡೆ ಹುಡುಕಿದ್ದರಿಂದ ಅದರಲ್ಲಿ ಒಂದು ತಿಂಗಳು ಹಾಳಾಯಿತು. ಬಯಲುಸೀಮೆಯ ಯಾವುದಾದರೂ ಕಾಲೇಜಿನಲ್ಲಿ ಯಾರಾದರೂ ಇದೇ ಕೆಲಸಕ್ಕೆ ಕೈ ಹಾಕಿದರೆ ಅವರಿಗೆ ಆ ಒಂದು ತಿಂಗಳು ಉಳಿಯಲಿ ಅಂತ ನೋಟ್‌ಬುಕ್ಕಿನಿಂದ ತೆಗೆದು ಬರೆಯುತ್ತಿದ್ದೇನೆ.

ಕೆಲಸ ಇಷ್ಟು: ಬಳ್ಳಾರಿ ಜಿಲ್ಲೆಯ ಒಂದು ಸಣ್ಣ ಊರಿನ ಡಿಗ್ರಿ ಕಾಲೇಜಿನಲ್ಲಿ ಹಣ್ಣಿನ ನೊಣ ಸಾಕಬೇಕು, ಬಿಳಿ ಕಣ್ಣಿನ ಕ್ರಾಸ್ ಮಾಡಬೇಕು, ಅಂದರೆ ಬಿಳಿ ಕಣ್ಣಿನದನ್ನು ಕೆಂಪು ಕಣ್ಣಿನದರ ಜೊತೆ ಕೂಡಿಸಿ ಮುಂದಿನ ಪೀಳಿಗೆಯ ಕಣ್ಣಿನ ಬಣ್ಣ ನೋಡಬೇಕು, ಮಕ್ಕಳೇ ಎಣಿಸಬೇಕು. 1910ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಥಾಮಸ್ ಹಂಟ್ ಮಾರ್ಗನ್ ಮಾಡಿದ ಕ್ರಾಸ್ ಅದು. ನಾನು ಅಲ್ಲಿ ಅತಿಥಿ ಉಪನ್ಯಾಸಕಿ, ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಪ್ರತಿ ವರ್ಷ ಮಕ್ಕಳು ಈ ಕ್ರಾಸನ್ನು ಬೋರ್ಡ್ ನೋಡಿ ರೆಕಾರ್ಡಿಗೆ ಇಳಿಸುತ್ತಾರೆ. ಕೆಂಪು ಪೆನ್ಸಿಲ್‌ನಲ್ಲಿ ಕಣ್ಣು ತುಂಬುತ್ತಾರೆ, ಅಷ್ಟೇ. ಒಂದು ಸಲವಾದರೂ ನಿಜವಾದ ನೊಣ ನೋಡಲಿ ಅನ್ನುವ ಆಸೆ ನನಗೆ ಬಹಳ ದಿನದಿಂದ ಇತ್ತು.

ಫೆಬ್ರವರಿ 10: ಮೈಸೂರಿನಿಂದ ನೊಣ

ಮಾನಸಗಂಗೋತ್ರಿಯಲ್ಲಿ ಮೈಸೂರು ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದ ಡ್ರೊಸೊಫಿಲ ಸ್ಟಾಕ್ ಸೆಂಟರ್ ಇದೆ, ಅಂದರೆ ಹಣ್ಣಿನ ನೊಣದ ತಳಿಗಳನ್ನು ಸಾಕಿಡುವ ಜಾಗ. ಕಾಲೇಜಿನ ಪತ್ರ ತೆಗೆದುಕೊಂಡು ಹೋಗಿ ಮೂರು ತಳಿ ತಂದೆ. ಒಂದು ಮಾಮೂಲಿ ಕೆಂಪು ಕಣ್ಣಿನ ಒರೆಗಾನ್-ಕೆ. ಇನ್ನೊಂದು ಬಿಳಿ ಕಣ್ಣಿನದು. ಮೂರನೆಯದು ವೆಸ್ಟಿಜಿಯಲ್, ಅಂದರೆ ರೆಕ್ಕೆ ಮುದುಡಿ ಹಾರಲಾಗದ್ದು. ಒಂದೊಂದರದು ಎರಡು ಬಾಟಲಿ. ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿಯೆಲ್ಲ ಬ್ಯಾಗ್ ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಬಾಟಲಿ ಮಲಗಿಸಿದರೆ ಆಹಾರ ಜಾರಿ ನೊಣದ ಮೇಲೆ ಬೀಳುತ್ತದೆ, ಅದಕ್ಕೆ. ಬೆಳಿಗ್ಗೆ ನೋಡಿದರೆ ಆರೂ ಬಾಟಲಿ ಚೆನ್ನಾಗಿದ್ದವು.

ಫೆಬ್ರವರಿ 12 ರಿಂದ 25: ಆಹಾರ

ಮೈಸೂರಿನಲ್ಲಿ ಬಳಸುವ ರವೆಯ ಆಹಾರವನ್ನೇ ಮಾಡಿದೆ. ಅಳತೆ ಹೀಗಿದೆ. ನೀರು 1 ಲೀಟರ್, ಬೆಲ್ಲ 100 ಗ್ರಾಂ, ಗೋಧಿ ರವೆ 100 ಗ್ರಾಂ, ಗಟ್ಟಿಯಾಗಲು ಅಗರ್-ಅಗರ್ 10 ಗ್ರಾಂ, ಬೂಸ್ಟು ಬರದಿರಲು ಪ್ರೊಪಿಯಾನಿಕ್ ಆಮ್ಲ 7.5 ಮಿ.ಲೀ. ಬೆಲ್ಲ ಕರಗಿಸಿ, ಸೋಸಿ, ಅಗರ್ ಹಾಕಿ, ಕುದಿ ಬಂದ ಮೇಲೆ ರವೆಯನ್ನು ಸ್ವಲ್ಪ ಸ್ವಲ್ಪವೇ ಉದುರಿಸುತ್ತಾ ಕೈ ಬಿಡದೆ ತಿರುವಬೇಕು. ಉಪ್ಪಿಟ್ಟು ಮಾಡಿ ಗೊತ್ತಿದ್ದವರಿಗೆ ಗಂಟು ಕಟ್ಟುವ ಭಯ ಇಲ್ಲ. 200 ಮಿ.ಲೀ.ನ ಅಗಲ ಬಾಯಿಯ ಗಾಜಿನ ಬಾಟಲಿಗಳನ್ನು ಕುಕ್ಕರಿನಲ್ಲಿ 20 ನಿಮಿಷ ಬೇಯಿಸಿ ಇಟ್ಟುಕೊಂಡಿದ್ದೆ. ಒಂದೊಂದಕ್ಕೆ ಸುಮಾರು 45 ಮಿ.ಲೀ. ಹಾಕಿದರೆ ಲೀಟರಿಗೆ ಇಪ್ಪತ್ತರ ಮೇಲೆ ಬಾಟಲಿ ಆಗುತ್ತವೆ. ಮಾರನೆಯ ದಿನ ಮೇಲೆ ನಾಲ್ಕು ಕಾಳು ಯೀಸ್ಟ್. ಬಾಯಿಗೆ ತೆಳು ಬಟ್ಟೆಯಲ್ಲಿ ಸುತ್ತಿದ ಹತ್ತಿಯ ಬಿರಡೆ.

ಮೊದಲ ತಪ್ಪು ಇಲ್ಲೇ ಆಯಿತು. ಒಲೆಯ ಮೇಲೆ ಕುದಿಯುತ್ತಿರುವಾಗಲೇ ಆಮ್ಲ ಸುರಿದುಬಿಟ್ಟೆ. ಅದು ಆವಿಯಾಗಿ ಹೋಯಿತು, ನಮ್ಮ ಕಣ್ಣು ಮೂಗು ಉರಿಯಿತು. ಬಾಟಲಿಗಳಲ್ಲಿ ಉಳಿದದ್ದು ಕಡಿಮೆ. ಐದನೇ ದಿನಕ್ಕೆ 22 ಬಾಟಲಿಯಲ್ಲಿ 14ಕ್ಕೆ ಬೂಸ್ಟು ಬಂತು, ಕಪ್ಪು ಹಸಿರು ಬಣ್ಣದ್ದು. ಎರಡನೇ ಸಲ ಒಲೆಯಿಂದ ಇಳಿಸಿ, ಥರ್ಮಾಮೀಟರ್ 60 ತೋರಿಸಿದ ಮೇಲೆ ಆಮ್ಲ ಹಾಕಿದೆ. ಅಗರ್ ಗಟ್ಟಿಯಾಗುವುದು 40ರ ಕೆಳಗೆ, ಹಾಗಾಗಿ ಆತುರ ಬೇಡ. ಆ ಸಲ ಒಂದಕ್ಕೂ ಬೂಸ್ಟು ಬರಲಿಲ್ಲ. ಕಿಟಕಿ ತೆಗೆದಿಟ್ಟುಕೊಂಡೇ ಈ ಕೆಲಸ ಮಾಡಿ.

ಮಾರ್ಚ್ 5ರ ಹೊತ್ತಿಗೆ ಬಾಟಲಿಗಳು ತುಂಬಿ ನೊಣ ಗಿಜಿಗುಡುತ್ತಿದ್ದವು. ಮಕ್ಕಳು ಲೆನ್ಸ್ ಹಿಡಿದು ಗಂಡು ಹೆಣ್ಣು ಗುರುತಿಸುವುದನ್ನು ಕಲಿತರು. ಗಂಡಿನ ಹೊಟ್ಟೆಯ ತುದಿ ಕಪ್ಪು, ಮುಂಗಾಲಿನಲ್ಲಿ ಬಾಚಣಿಗೆಯಂಥ ಕಪ್ಪು ಕೂದಲು. ಹೆಣ್ಣಿನ ಹೊಟ್ಟೆ ಚೂಪು, ಪಟ್ಟೆ ಪಟ್ಟೆ. ಎರಡು ದಿನದಲ್ಲಿ ಅವರು ನನಗಿಂತ ಬೇಗ ಹೇಳುತ್ತಿದ್ದರು.

ಮಾರ್ಚ್ 20 ರಿಂದ ಏಪ್ರಿಲ್ 17: ಎಲ್ಲ ಕೆಟ್ಟ ತಿಂಗಳು

ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಹೊಸ ಬಾಟಲಿಗೆ ನೊಣ ಬಿಟ್ಟೆವು. ನೊಣಗಳು ಚೆನ್ನಾಗೇ ಓಡಾಡುತ್ತಿದ್ದವು. ಮೊಟ್ಟೆಯೂ ಇಟ್ಟವು, ಲೆನ್ಸಿನಲ್ಲಿ ಬಿಳಿ ಚುಕ್ಕಿಗಳು ಕಾಣುತ್ತಿದ್ದವು. ಮಾಮೂಲಾಗಿ ಒಂದೇ ದಿನದಲ್ಲಿ ಮೊಟ್ಟೆ ಒಡೆದು ಹುಳು ಬರಬೇಕು. ಎರಡು ದಿನ ಆಯಿತು, ನಾಲ್ಕು ದಿನ ಆಯಿತು, ಹುಳು ಇಲ್ಲ. ಮೊಟ್ಟೆ ಹಾಗೇ ಒಣಗಿ ಹೋಗುತ್ತಿತ್ತು.

ನಾನು ಆಹಾರದ ಮೇಲೆ ಅನುಮಾನ ಪಟ್ಟೆ. ಬೂಸ್ಟಿಗೆ ಹೆದರಿ ಆಮ್ಲ ಜಾಸ್ತಿ ಹಾಕಿದೆನಾ ಅಂತ 7.5 ಇದ್ದದ್ದನ್ನು 5 ಮಿ.ಲೀ.ಗೆ ಇಳಿಸಿ ಮಾಡಿದೆ. ಆಗಲಿಲ್ಲ. ಬೋರ್‌ವೆಲ್ ನೀರು ಅಂತ ಡಿಸ್ಟಿಲ್ಡ್ ನೀರಿನಲ್ಲಿ ಮಾಡಿದೆ. ಆಗಲಿಲ್ಲ. ಬೆಲ್ಲದಲ್ಲಿ ಏನಾದರೂ ಕೆಮಿಕಲ್ ಇದೆಯೇನೋ ಅಂತ ಕಪ್ಪು ಬೆಲ್ಲ ತಂದು ಮಾಡಿದೆ. ಅದೂ ಆಗಲಿಲ್ಲ. ಮೂರು ಸಲಕ್ಕೆ ಅಗರ್ ಖರ್ಚೇ ₹200 ದಾಟಿತು. ನೊಣ ಕಡಿಮೆಯಾಗುತ್ತಾ ಬಂತು. ಏಪ್ರಿಲ್ 2ಕ್ಕೆ ಒಂದೊಂದು ತಳಿಯದು ಒಂದೊಂದೇ ಬಾಟಲಿ ಉಳಿದಿತ್ತು.

ಇದೇ ಹೊತ್ತಿನಲ್ಲಿ ಇನ್ನೊಂದು ತಪ್ಪು ಮಾಡಿದೆ. ವೆಸ್ಟಿಜಿಯಲ್ ಬಾಟಲಿಯಲ್ಲಿ ಕೊನೆಗೆ ಹೊರಬಂದ ನೊಣಗಳ ರೆಕ್ಕೆ ಸ್ವಲ್ಪ ಉದ್ದ ಇತ್ತು. ಮುದುಡಿದ ಮೊಟಕು ರೆಕ್ಕೆ ಇರಬೇಕಾದಲ್ಲಿ ಕೆಲವಕ್ಕೆ ಹೊಟ್ಟೆಯ ಅರ್ಧಕ್ಕೂ ಮುಂದೆ ಬಂದಿತ್ತು. ಬೇರೆ ನೊಣ ಸೇರಿಕೊಂಡಿದೆ, ತಳಿ ಕೆಟ್ಟಿದೆ ಅಂತ ಅಂಥವನ್ನು ಆರಿಸಿ ಆರಿಸಿ ಎಸೆದೆ. ಸುಮಾರು 30 ನೊಣ. ಅವು ಏನು ಹೇಳುತ್ತಿದ್ದವು ಅಂತ ನನಗೆ ಆಗ ಗೊತ್ತಾಗಲಿಲ್ಲ.

ದಾರಿ ತೋರಿಸಿದ್ದು ಎರಡನೇ ವರ್ಷದ ಒಬ್ಬ ಹುಡುಗಿ. ಯುಗಾದಿ ರಜೆಗೆ ಮುಂಚೆ ನನ್ನನ್ನು ಕೇಳಿ ಒರೆಗಾನ್-ಕೆ ಬಾಟಲಿ ಒಂದನ್ನು ಮನೆಗೆ ಒಯ್ದಿದ್ದಳು. ತಮ್ಮನಿಗೆ ತೋರಿಸಬೇಕು ಅಂತ. ಏಪ್ರಿಲ್ 8ಕ್ಕೆ ಬಂದು ಹೇಳಿದಳು:

"ಮೇಡಂ, ನಮ್ಮನೆಯಾಗಿಂದು ಬಾಟಲಿ ತುಂಬ ಹುಳು ಆಗ್ಯಾವ್ರಿ. ಗೋಡೆ ಹತ್ತಾಕತ್ಯಾವು."

ಅದೇ ಆಹಾರ, ಅದೇ ದಿನ ಮಾಡಿದ್ದು, ಅದೇ ನೊಣ. ಹಾಗಾದರೆ ಬೇರೆ ಏನಿದೆ? ಅವಳದು ಹಳ್ಳಿಯ ಮಣ್ಣಿನ ಮಾಳಿಗೆ ಮನೆ. ಎರಡು ಅಡಿ ದಪ್ಪದ ಗೋಡೆ. ನಮ್ಮ ಲ್ಯಾಬ್ ಕಾಲೇಜಿನ ಮೇಲಿನ ಅಂತಸ್ತಿನಲ್ಲಿದೆ, ಮೇಲೆ ಬರೀ ಕಾಂಕ್ರೀಟು. ಅವತ್ತು ಮಧ್ಯಾಹ್ನ 3 ಗಂಟೆಗೆ ನೊಣದ ಬಾಟಲಿಯ ಪಕ್ಕ ಥರ್ಮಾಮೀಟರ್ ಇಟ್ಟೆ. 37 ಡಿಗ್ರಿ. ಅವಳಿಗೂ ಒಂದು ಕೊಟ್ಟು ಕಳಿಸಿದೆ. ಅವರ ಮನೆಯ ಒಳಗೆ ಅದೇ ಹೊತ್ತಿಗೆ 29.

ಹಣ್ಣಿನ ನೊಣದ ಗಂಡು ಸುಮಾರು 30 ಡಿಗ್ರಿಯಲ್ಲಿ ಬೆಳೆದರೆ ಬಂಜೆಯಾಗುತ್ತದೆ. ನೊಣ ಸಾಯುವುದಿಲ್ಲ, ಓಡಾಡುತ್ತದೆ, ಕೂಡುತ್ತದೆ. ಆದರೆ ವೀರ್ಯ ಕೆಲಸ ಮಾಡುವುದಿಲ್ಲ. ಹೆಣ್ಣು ಇಟ್ಟ ಮೊಟ್ಟೆ ಫಲಿತವೇ ಆಗಿರುವುದಿಲ್ಲ. ಇದನ್ನು ನಾನು ಎಂ.ಎಸ್ಸಿ.ಯಲ್ಲಿ ಓದಿದ್ದೆ. ಓದಿದ್ದು ತಲೆಯಲ್ಲಿ ಇತ್ತು, ಕೈಗೆ ಬಂದಿರಲಿಲ್ಲ. ಮೊದಲ ದಿನವೇ ಥರ್ಮಾಮೀಟರ್ ಇಡದೆ ಮೂರು ಸಲ ಆಹಾರ ಬದಲಾಯಿಸಿದ್ದು ನನ್ನ ದೊಡ್ಡ ತಪ್ಪು.

ತಕ್ಷಣಕ್ಕೆ ಮಾಡಿದ್ದು ಮಡಿಕೆ. ಎರಡು ಮಣ್ಣಿನ ಮಡಿಕೆ, ಒಂದರೊಳಗೆ ಒಂದು, ನಡುವೆ ಹಸಿ ಮರಳು, ಮೇಲೆ ಒದ್ದೆ ಗೋಣಿ. ₹180 ಆಯಿತು. ನಮ್ಮ ಕಡೆ ಗಾಳಿ ಒಣ ಇರುವುದರಿಂದ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಹೊರಗೆ 37 ಇದ್ದಾಗ ಒಳಗೆ 28. ಉಳಿದ ಬಾಟಲಿಗಳನ್ನು ಅದರಲ್ಲಿ ಇಟ್ಟೆ. ಗಂಡುಗಳು ತಕ್ಷಣ ಸರಿಯಾಗಲಿಲ್ಲ. ಸುಮಾರು ಹತ್ತು ದಿನದ ಮೇಲೆ ಬಿಳಿ ಕಣ್ಣಿನದರಲ್ಲಿ ನಾಲ್ಕೈದು ಹುಳು ಕಂಡವು. ವೆಸ್ಟಿಜಿಯಲ್‌ನಲ್ಲೂ ಕಂಡವು. ಒರೆಗಾನ್-ಕೆ ಆ ಹುಡುಗಿಯ ಮನೆಯಿಂದಲೇ ವಾಪಸ್ ಬಂತು. ಮಡಿಕೆಯ ತೊಂದರೆ ಅಂದರೆ ತೇವ. ಹತ್ತಿ ಒದ್ದೆಯಾಗಿ ಮತ್ತೆ ಬೂಸ್ಟು. ದಿನಕ್ಕೆ ಮೂರು ಸಲ ನೀರು ಹಾಕುವವರೂ ಬೇಕು, ಭಾನುವಾರ ಕಾಲೇಜಿಗೆ ಬೀಗ. ಸ್ಟಾಕ್ ಉಳಿಸಿಕೊಳ್ಳಲು ಸಾಕು, ಪ್ರಯೋಗಕ್ಕೆ ಸಾಲದು.

ಏಪ್ರಿಲ್ 18 ರಿಂದ ಮೇ 20: ಫ್ರಿಜ್

ಇನ್‌ಕ್ಯುಬೇಟರ್‌ಗೆ ಕೊಟೇಶನ್ ತರಿಸಿದರೆ ₹52,000 ಬಂತು. ಆಗದ ಮಾತು. ಗುಜರಿ ಅಂಗಡಿಯಲ್ಲಿ 165 ಲೀಟರ್‌ನ ಸಿಂಗಲ್ ಡೋರ್ ಫ್ರಿಜ್ ₹2,800ಕ್ಕೆ ಸಿಕ್ಕಿತು. ಗ್ಯಾಸ್ ಇತ್ತು, ಕಂಪ್ರೆಸರ್ ಓಡುತ್ತಿತ್ತು, ಬಾಗಿಲಿನ ರಬ್ಬರ್ ಹೋಗಿತ್ತು.

ಫ್ರಿಜ್‌ನ ಸ್ವಂತ ಥರ್ಮೋಸ್ಟ್ಯಾಟ್ ನೊಣಕ್ಕೆ ಬೇಕಾದ 25 ಡಿಗ್ರಿಯಲ್ಲಿ ನಿಲ್ಲಿಸುವುದಿಲ್ಲ, ಅದು ಇರುವುದು ನಾಲ್ಕೈದು ಡಿಗ್ರಿಗೆ. ಮೆಕ್ಯಾನಿಕ್ ಬಂದು ಅದನ್ನು ಬೈಪಾಸ್ ಮಾಡಿಕೊಟ್ಟರು. "ಮೇಡಂ, ಇಷ್ಟು ಬಿಸಿ ಇಟ್ಕೊಂಡು ಒಳಗ ಏನ್ ಇಡ್ತೀರಿ?" ಅಂದರು. ನೊಣ ಅಂದೆ. ಬಾಟಲಿ ತೋರಿಸಿದ ಮೇಲೆ ಅರ್ಧ ಗಂಟೆ ಕೂತು ಲೆನ್ಸಿನಲ್ಲಿ ನೋಡಿದರು. ಆಮೇಲೆ ಕೊಟ್ಟ ಸಲಹೆಗಳಿಗೆ ದುಡ್ಡು ತೆಗೆದುಕೊಳ್ಳಲಿಲ್ಲ.

ಹೊರಗೆ ಎಸ್‌ಟಿಸಿ-1000 ಅನ್ನುವ ಕಂಟ್ರೋಲರ್. ಇದರಲ್ಲಿ ಎರಡು ರಿಲೇ ಇವೆ, ಅಂದರೆ ಸೆನ್ಸರ್ ಹೇಳಿದಂತೆ ತಾವೇ ಆನ್ ಆಫ್ ಆಗುವ ಸ್ವಿಚ್ಚು, ಒಂದು ತಂಪಿಗೆ, ಒಂದು ಬಿಸಿಗೆ. ತಂಪಿಗೆ ಫ್ರಿಜ್, ಬಿಸಿಗೆ 40 ವಾಟ್‌ನ ಹಳೇ ಬಲ್ಬು. ಬಲ್ಬನ್ನು ತೂತು ಕೊರೆದ ಬಿಸ್ಕತ್ತಿನ ಡಬ್ಬಿಯಲ್ಲಿ ಕೂರಿಸಿದೆ, ಬೆಳಕು ನೊಣಕ್ಕೆ ಬೀಳದಿರಲಿ ಅಂತ. ಬೇಸಿಗೆಯಲ್ಲಿ ಬಲ್ಬು ಬೇಕಾಗುವುದಿಲ್ಲ, ಡಿಸೆಂಬರಿನ ರಾತ್ರಿಗೆ ಬೇಕು. ಹಳೇ ಕಂಪ್ಯೂಟರಿನ 12 ವೋಲ್ಟ್ ಫ್ಯಾನ್ ಒಂದನ್ನು ಒಳಗೆ ಕಟ್ಟಿದೆ. ಅರ್ಥಿಂಗ್ ಸರಿಯಾಗಿದೆಯಾ ಅಂತ ಮೊದಲು ನೋಡಿಸಿ, ಒಳಗೆ ನೀರಿನ ತಟ್ಟೆ ಇರುತ್ತದೆ.

ಖರ್ಚು: ಫ್ರಿಜ್ ₹2,800, ತರಲು ಆಟೋ ₹250, ಕಂಟ್ರೋಲರ್ ₹1,050, ಮೆಕ್ಯಾನಿಕ್ ₹300, ಬಾಗಿಲಿನ ರಬ್ಬರ್ ₹350, ಬಲ್ಬು ಮತ್ತು ಹೋಲ್ಡರ್ ₹110, ಫ್ಯಾನಿಗೆ ಅಡಾಪ್ಟರ್ ₹150, ಕನಿಷ್ಠ-ಗರಿಷ್ಠ ತೋರಿಸುವ ಥರ್ಮಾಮೀಟರ್ ₹380, ವೈರು ಪ್ಲಗ್ಗು ಡಬ್ಬಿ ₹220. ಒಟ್ಟು ₹5,610.

ಜೋಡಿಸಲು ಒಂದು ದಿನ ಸಾಕಾಯಿತು. 25ರಲ್ಲಿ ನಿಲ್ಲಿಸಲು ನಾಲ್ಕು ವಾರ ಬೇಕಾಯಿತು.

ಮೊದಲು ಸೆನ್ಸರನ್ನು ಸುಮ್ನೆ ಗಾಳಿಯಲ್ಲಿ ನೇತುಹಾಕಿದೆ. ಬಾಗಿಲು ತೆಗೆದ ಕೂಡಲೇ ಕಂಪ್ರೆಸರ್ ಆನ್, ಮುಚ್ಚಿದ ಕೂಡಲೇ ಆಫ್. ಹೀಗೆ ಪದೇ ಪದೇ ಆದರೆ ಕಂಪ್ರೆಸರ್ ಸುಟ್ಟು ಹೋಗುತ್ತದೆ ಅಂದರು ಮೆಕ್ಯಾನಿಕ್. ಆಮೇಲೆ ಸೆನ್ಸರನ್ನು ಒಂದು ಲೀಟರ್ ನೀರಿನ ಬಾಟಲಿಯಲ್ಲಿ ಮುಳುಗಿಸಿದೆ. ಅದು ಇನ್ನೂ ಕೆಟ್ಟದಾಯಿತು. ನೀರು 25ಕ್ಕೆ ಇಳಿಯುವಷ್ಟರಲ್ಲಿ ಸುತ್ತಲಿನ ಗಾಳಿ 17ಕ್ಕೆ ಹೋಗಿತ್ತು. ಕೊನೆಗೆ ಸರಿಹೋದದ್ದು ಸಣ್ಣ ಗಾಜಿನ ಸೀಸೆಯಲ್ಲಿ 10 ಮಿ.ಲೀ. ಗ್ಲಿಸರಿನ್ ಹಾಕಿ, ಅದರಲ್ಲಿ ಸೆನ್ಸರ್ ಇಟ್ಟು, ನೊಣದ ಬಾಟಲಿಗಳ ನಡುವೆಯೇ ಇಟ್ಟಾಗ.

ಕಂಟ್ರೋಲರಿನಲ್ಲಿ ಎಫ್1 ಅಂದರೆ ಬೇಕಾದ ಡಿಗ್ರಿ, 25 ಇಟ್ಟೆ. ಎಫ್2 ಎಷ್ಟು ಹೆಚ್ಚು ಕಡಿಮೆ ಆಗಬಹುದು ಅನ್ನುವುದು. 0.5 ಇಟ್ಟಾಗ ಫ್ರಿಜ್ಜೂ ಬಲ್ಬೂ ಒಂದರ ಹಿಂದೆ ಒಂದು ಜಗಳಕ್ಕೆ ಬಿದ್ದಂತೆ ಓಡಿದವು, ಏಕೆಂದರೆ ಕಂಪ್ರೆಸರ್ ನಿಂತರೂ ಮೇಲಿನ ಐಸ್ ಪೆಟ್ಟಿಗೆ ತಂಪು ಬಿಡುತ್ತಲೇ ಇರುತ್ತದೆ. 1.0 ಮಾಡಿ, ಬೇಸಿಗೆ ಮುಗಿಯುವವರೆಗೆ ಬಲ್ಬಿನ ಪ್ಲಗ್ ತೆಗೆದೆ. ಎಫ್3 ಕಂಪ್ರೆಸರ್ ಮತ್ತೆ ಶುರುವಾಗುವ ಮುಂಚೆ ಕಾಯುವ ಸಮಯ, 10 ನಿಮಿಷ. ಎಫ್4ರಲ್ಲಿ ಸೆನ್ಸರಿನ ತಪ್ಪು ತಿದ್ದಬಹುದು. ನಮ್ಮದು 0.7 ಜಾಸ್ತಿ ತೋರಿಸುತ್ತಿತ್ತು.

ಕರೆಂಟು ಹೋಗುವುದು ಇನ್ನೊಂದು ಚಿಂತೆ. ಬರೀ ಫ್ರಿಜ್ ಇದ್ದಾಗ ಎರಡು ಗಂಟೆ ಕರೆಂಟು ಹೋದರೆ 25 ಇದ್ದದ್ದು 30 ಮುಟ್ಟುತ್ತಿತ್ತು. ಕೆಳಗಿನ ತಟ್ಟೆಯಲ್ಲಿ ಒಂದು ಲೀಟರಿನ ಹತ್ತು ನೀರಿನ ಬಾಟಲಿ ತುಂಬಿಸಿಟ್ಟ ಮೇಲೆ ಅದೇ ಎರಡು ಗಂಟೆಗೆ 27.5. ಇದಕ್ಕೆ ಖರ್ಚು ಏನೂ ಇಲ್ಲ, ಎಲ್ಲಕ್ಕಿಂತ ಹೆಚ್ಚು ಉಪಯೋಗವಾದದ್ದು ಇದೇ.

ಫ್ರಿಜ್ ಗಾಳಿಯನ್ನು ಒಣಗಿಸುತ್ತದೆ. ಮೊದಲ ವಾರದಲ್ಲೇ ಆಹಾರ ಕುಗ್ಗಿ ಗಾಜಿನಿಂದ ಬಿಟ್ಟುಕೊಂಡು, ಆ ಸಂದಿಯಲ್ಲಿ ನೊಣ ಸಿಕ್ಕಿ ಸತ್ತವು. ಅಗಲ ತಟ್ಟೆಯಲ್ಲಿ ನೀರು, ಅದರಲ್ಲಿ ಒಂದು ಬಟ್ಟೆಯ ತುದಿ ಮುಳುಗಿಸಿ ಫ್ಯಾನಿನ ಎದುರು ಕಟ್ಟಿದೆ, ಸರಿಹೋಯಿತು. ಇರುವೆ ಬಂದವು. ಫ್ರಿಜ್‌ನ ಕಾಲುಗಳ ಕೆಳಗೆ ನೀರಿನ ಬಟ್ಟಲು ಇಟ್ಟೆವು, ಅಡುಗೆಮನೆಯ ಹಳೇ ಉಪಾಯ.

ಒಂದು ಎಚ್ಚರಿಕೆ. ನೊಣದ ಪ್ರಜ್ಞೆ ತಪ್ಪಿಸಲು ಈಥರ್ ಬಳಸುವವರು ಆ ಸೀಸೆಯನ್ನು ಈ ಫ್ರಿಜ್‌ನಲ್ಲಿ ಇಡಲೇಬೇಡಿ. ಈಥರ್ ಆವಿಗೆ ಒಂದು ಕಿಡಿ ಸಾಕು, ರಿಲೇಯಲ್ಲಿ ಕಿಡಿ ಇರುತ್ತದೆ. ನಾವು ಈಥರ್ ಬಿಟ್ಟೇಬಿಟ್ಟೆವು. ಬಾಟಲಿಯನ್ನು ಐಸಿನಲ್ಲಿ ನಾಲ್ಕೈದು ನಿಮಿಷ ಹುಗಿದರೆ ನೊಣ ನಿದ್ದೆ ಹೋಗುತ್ತವೆ, ಆಮೇಲೆ ಐಸ್ ತಟ್ಟೆಯ ಮೇಲೆ ಒಣ ಫಿಲ್ಟರ್ ಪೇಪರ್ ಹಾಸಿ ಎಣಿಸಬಹುದು.

ಮೇ 20ರಿಂದ 27ರವರೆಗೆ ಕನಿಷ್ಠ 23.9, ಗರಿಷ್ಠ 26.8. ಹೊರಗೆ 41. ಮೊಟ್ಟೆಯಿಂದ ನೊಣದವರೆಗೆ ಸರಿಯಾಗಿ ಹತ್ತು ದಿನ ಹಿಡಿಯಿತು. ಅವತ್ತು ನನಗಾದ ಸಂತೋಷ ಹೇಳಲಾರೆ.

ಜೂನ್ 1 ರಿಂದ 24: ಬೆಳಗು ಎಷ್ಟು ಗಂಟೆಗೆ?

ಕ್ರಾಸ್ ಮಾಡಲು ಗಂಡಿನ ಜೊತೆ ಕೂಡದ ಹೆಣ್ಣು ಬೇಕು. ಒಮ್ಮೆ ಕೂಡಿದರೆ ಹೆಣ್ಣು ಆ ವೀರ್ಯವನ್ನು ಒಳಗೆ ಇಟ್ಟುಕೊಂಡು ದಿನಗಟ್ಟಲೆ ಬಳಸುತ್ತದೆ. 25 ಡಿಗ್ರಿಯಲ್ಲಿ ಕೋಶದಿಂದ (ಹುಳು ನೊಣವಾಗುವ ಗೂಡು, ಪ್ಯೂಪಾ) ಹೊರಬಂದ ಎಂಟು ಗಂಟೆಯೊಳಗೆ ಹೆಣ್ಣನ್ನು ಬೇರೆ ಮಾಡಬೇಕು. ಆಗ ತಾನೇ ಬಂದದ್ದು ಮಾಸಲು ಬಣ್ಣ ಇರುತ್ತದೆ, ಹೊಟ್ಟೆಯಲ್ಲಿ ಒಂದು ಕಪ್ಪು ಚುಕ್ಕೆ ಕಾಣುತ್ತದೆ.

ನಮ್ಮ ಫ್ರಿಜ್ ಒಳಗೆ ಸದಾ ಕತ್ತಲೆ. ನೊಣಗಳು ಹೊತ್ತು ಗೊತ್ತಿಲ್ಲದೆ ಹೊರಬರುತ್ತಿದ್ದವು, ರಾತ್ರಿ ಬಂದವು ಬೆಳಿಗ್ಗೆ ನಾವು ಬರುವಷ್ಟರಲ್ಲಿ ಕೂಡಿರುತ್ತಿದ್ದವು. ಹೊರಗಿನ ಲೋಕದಲ್ಲಿ ನೊಣ ಕೋಶ ಒಡೆಯುವುದು ಹೆಚ್ಚಾಗಿ ಬೆಳಗಿನ ಹೊತ್ತು. 1971ರಲ್ಲಿ ಕನೋಪ್ಕ ಮತ್ತು ಬೆಂಜರ್ ಈ ಹೊತ್ತು ತಪ್ಪಿದ ನೊಣಗಳನ್ನು ಹುಡುಕಿಯೇ ಪೀರಿಯಡ್ ಅನ್ನುವ ಜೀನ್ ಪತ್ತೆ ಮಾಡಿದರು. ಆ ಗಡಿಯಾರ ಹೇಗೆ ಓಡುತ್ತದೆ ಅಂತ ಬಿಡಿಸಿದವರಿಗೆ 2017ರಲ್ಲಿ ನೊಬೆಲ್ ಬಂತು. ನಮ್ಮ ದೇಹದಲ್ಲೂ ಅದೇ ಬಗೆಯ ಜೀನ್‌ಗಳಿವೆ. ನಮಗೆ ಬೇಕಾದದ್ದು ಅದರ ಒಂದು ಸಣ್ಣ ಉಪಯೋಗ.

ಒಳಗೆ ಎಲ್‌ಇಡಿ ಪಟ್ಟಿ ಅಂಟಿಸಿ ಟೈಮರ್ ಹಾಕಿದೆ, ಎರಡೂ ಸೇರಿ ₹420. ಬೆಳಿಗ್ಗೆ 6ಕ್ಕೆ ಆನ್, ಸಂಜೆ 6ಕ್ಕೆ ಆಫ್. ಅರ್ಧ ಸರಿಯಾಯಿತು. ನೊಣಗಳು 6ರಿಂದ 9ರ ಒಳಗೆ ಗುಂಪಾಗಿ ಬಂದುಬಿಡುತ್ತಿದ್ದವು, ಕಾಲೇಜು ಶುರುವಾಗುವುದೇ 10ಕ್ಕೆ. ಆಮೇಲೆ ಹೊಳೆಯಿತು, ಬೆಳಗನ್ನೇ ಹತ್ತು ಗಂಟೆಗೆ ಇಟ್ಟರಾಯಿತು ಅಲ್ವಾ! ಟೈಮರನ್ನು ಬೆಳಿಗ್ಗೆ 10 ರಿಂದ ರಾತ್ರಿ 10 ಮಾಡಿದೆ. ನಾಲ್ಕೈದು ದಿನದಲ್ಲಿ ನೊಣಗಳು ಹೊಂದಿಕೊಂಡವು. 9:45ಕ್ಕೆ ಬಾಟಲಿ ಖಾಲಿ ಮಾಡುವುದು, 10 ರಿಂದ 1ರೊಳಗೆ ಬಂದ ಹೆಣ್ಣುಗಳನ್ನು ಊಟದ ಬಿಡುವಿನಲ್ಲಿ ತೆಗೆಯುವುದು. ಇಡೀ ಕೆಲಸದಲ್ಲಿ ಮಕ್ಕಳಿಗೆ ತುಂಬ ಹಿಡಿಸಿದ್ದು ಇದು.

ಇಲ್ಲೂ ಒಂದು ಎಡವಟ್ಟು. ನಾನು ತಂದದ್ದು ತಿರುಗುವ ಚಕ್ರದ ಟೈಮರ್. ಕರೆಂಟು ಹೋದಾಗಲೆಲ್ಲ ಅದು ನಿಲ್ಲುತ್ತದೆ, ಬಂದಾಗ ನಿಂತಲ್ಲಿಂದ ಓಡುತ್ತದೆ. ಒಂದು ವಾರಕ್ಕೆ ನಮ್ಮ "ಬೆಳಗು" ಮಧ್ಯಾಹ್ನ 3 ಗಂಟೆಗೆ ಹೋಗಿತ್ತು, ನಾನು ಗಮನಿಸಲಿಲ್ಲ. ಸಂಜೆ ಬಂದ ನೊಣಗಳೆಲ್ಲ ರಾತ್ರಿ ಕೂಡಿದವು. ಬೆಳಿಗ್ಗೆ ಸರಿಯಾಗಿ ಖಾಲಿಯಾಗದ ಬಾಟಲಿಯಿಂದ ತೆಗೆದ ಹೆಣ್ಣುಗಳನ್ನೇ ಕ್ರಾಸಿಗೆ ಹಾಕಿದೆವು. ಈಗ ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ಇದೆ, ಇನ್ನೊಂದು ₹390.

ಇದರ ಫಲ ಜೂನ್ 24ಕ್ಕೆ ಕಂಡಿತು. ಬಿಳಿ ಕಣ್ಣಿನ ಹೆಣ್ಣು, ಕೆಂಪು ಕಣ್ಣಿನ ಗಂಡು. ಈ ಬಣ್ಣದ ಜೀನ್ ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ, ಗಂಡಿಗೆ ಅದು ತಾಯಿಯಿಂದ ಮಾತ್ರ ಬರುತ್ತದೆ; ಹಾಗಾಗಿ ಮೊದಲ ಪೀಳಿಗೆಯಲ್ಲಿ ಹೆಣ್ಣೆಲ್ಲ ಕೆಂಪು, ಗಂಡೆಲ್ಲ ಬಿಳಿ ಬರಬೇಕು. ಗಂಡು ಸರಿಯಾಗೇ ಬಂದವು. ಹೆಣ್ಣು 86ರಲ್ಲಿ 23ಕ್ಕೆ ಬಿಳಿ ಕಣ್ಣು.

ಒಬ್ಬ ಹುಡುಗ ಪುಸ್ತಕ ತೆಗೆದು ಬ್ರಿಜಸ್ ಅಂದ. ಮಾರ್ಗನ್ ಲ್ಯಾಬಿನ ಕ್ಯಾಲ್ವಿನ್ ಬ್ರಿಜಸ್ 1916ರಲ್ಲಿ ಇಂಥ ಬಿಳಿ ಕಣ್ಣಿನ ಹೆಣ್ಣುಗಳನ್ನೇ ಹಿಡಿದು, ಎರಡು ಎಕ್ಸ್ ಕ್ರೋಮೋಸೋಮು ಬೇರೆಯಾಗದೆ ಒಟ್ಟಿಗೆ ಹೋದರೆ ಹೀಗಾಗುತ್ತದೆ ಅಂತ ತೋರಿಸಿದ್ದು ನಿಜ. ನನಗೂ ಒಂದು ಕ್ಷಣ ಎದೆ ಹೊಡೆದುಕೊಂಡಿತು. ಆದರೆ ಅದು ಸುಮಾರು ಎರಡು ಸಾವಿರಕ್ಕೆ ಒಂದು. ಹಾಗೆ ಆಗಿದ್ದರೆ ಕೆಂಪು ಕಣ್ಣಿನ ಗಂಡೂ ಅಲ್ಲೊಂದು ಇಲ್ಲೊಂದು ಸಿಗಬೇಕಿತ್ತು, ಒಂದೂ ಇರಲಿಲ್ಲ. 86ಕ್ಕೆ 23 ಅಂದರೆ ಅರ್ಥ ಒಂದೇ, ನಮ್ಮ ಹೆಣ್ಣುಗಳು ಮೊದಲೇ ಬಿಳಿ ಗಂಡಿನ ಜೊತೆ ಕೂಡಿದ್ದವು. ಆ ಹುಡುಗನಿಗೆ ಬೇಸರವಾಯಿತು. ಆದರೆ ಇಪ್ಪತ್ತು ನಿಮಿಷ ಎಲ್ಲರೂ ಕೂತು ಕಾರಣ ಹುಡುಕಿದ ಆ ಪಾಠ ನಾನು ಬೋರ್ಡಿನಲ್ಲಿ ಎಂದೂ ಮಾಡಲಾರೆ.

ಜುಲೈ 1 ರಿಂದ 31: ಸರಿಯಾದ ಕ್ರಾಸ್

ಹೆಣ್ಣುಗಳನ್ನು ತೆಗೆದ ಮೇಲೆ ಈ ಸಲ ಮೂರು ದಿನ ಒಂಟಿಯಾಗಿ ಇಟ್ಟೆವು. ಆ ಸೀಸೆಯಲ್ಲಿ ಹುಳು ಕಂಡರೆ ಆ ಹೆಣ್ಣು ಲೆಕ್ಕಕ್ಕಿಲ್ಲ. ಇದನ್ನು ಮೊದಲೇ ಮಾಡಬೇಕಿತ್ತು. ಜುಲೈ 4ಕ್ಕೆ ಕ್ರಾಸ್. ಮೊದಲ ಪೀಳಿಗೆಯಲ್ಲಿ ಕೆಂಪು ಹೆಣ್ಣು 118, ಬಿಳಿ ಗಂಡು 104, ಬೇರೆ ಯಾವುದೂ ಇಲ್ಲ.

ಅವನ್ನೇ ಜುಲೈ 16ಕ್ಕೆ ತಮ್ಮ ತಮ್ಮಲ್ಲೇ ಬಿಟ್ಟೆವು. ಎರಡನೇ ಪೀಳಿಗೆಯ ಎಣಿಕೆ: ಕೆಂಪು ಹೆಣ್ಣು 131, ಬಿಳಿ ಹೆಣ್ಣು 118, ಕೆಂಪು ಗಂಡು 127, ಬಿಳಿ ಗಂಡು 109. ಒಟ್ಟು 485. ನಾಲ್ಕೂ ಸಮ ಬರಬೇಕು. ಎಣಿಕೆ ನಿರೀಕ್ಷೆಯಿಂದ ಎಷ್ಟು ದೂರ ಇದೆ ಅಂತ ಅಳೆಯುವ ಕೈ-ಸ್ಕ್ವೇರ್ 2.38, ಮಿತಿ 7.815, ಹಾಗಾಗಿ ಸಾಕಷ್ಟು ಹೊಂದುತ್ತದೆ. ಬಿಳಿಯವು ಸ್ವಲ್ಪ ಕಡಿಮೆ ಬಂದಿವೆ, ಬಿಳಿ ಕಣ್ಣಿನವು ಅಷ್ಟು ಗಟ್ಟಿಯಲ್ಲ.

ಇದರ ಜೊತೆಗೇ ಒಂದು ಹತ್ತುವ ಪರೀಕ್ಷೆ ಮಾಡಿದೆವು. ಎರಡು ಗಾಜಿನ ಸೀಸೆಗಳ ಬಾಯಿಗೆ ಬಾಯಿ ಸೇರಿಸಿ ಟೇಪ್ ಸುತ್ತಿ, ತಳದಿಂದ 8 ಸೆಂ.ಮೀ.ಗೆ ಗೆರೆ. ಒಳಗೆ ಹತ್ತು ನೊಣ. ಮೇಜಿಗೆ ಮೆಲ್ಲಗೆ ಕುಟ್ಟಿದರೆ ಎಲ್ಲ ಕೆಳಗೆ ಬೀಳುತ್ತವೆ, ಹತ್ತು ಸೆಕೆಂಡಿನಲ್ಲಿ ಎಷ್ಟು ಗೆರೆ ದಾಟುತ್ತವೆ ಅಂತ ಮೊಬೈಲಿನಲ್ಲಿ ವಿಡಿಯೋ ಮಾಡಿ ಎಣಿಸುವುದು. 2000ದಲ್ಲಿ ಮೆಲ್ ಫೀನಿ ಮತ್ತು ವೆಲ್ಕಂ ಬೆಂಡರ್ ಪಾರ್ಕಿನ್ಸನ್ ಕಾಯಿಲೆಗೆ ಸಂಬಂಧಪಟ್ಟ ಮನುಷ್ಯರ ಆಲ್ಫಾ-ಸೈನ್ಯುಕ್ಲಿನ್ ಜೀನನ್ನು ನೊಣಕ್ಕೆ ಹಾಕಿದರು. ಆ ನೊಣಗಳು ವಯಸ್ಸಾದಂತೆ ಬೇರೆಯವಕ್ಕಿಂತ ಬೇಗ ಹತ್ತುವ ಶಕ್ತಿ ಕಳೆದುಕೊಂಡವು. ಪರೀಕ್ಷೆ ಇದೇ ಬಗೆಯದು. ಅಂಥ ನೊಣ ನಮ್ಮ ಹತ್ತಿರ ಇಲ್ಲ, ನಾವು ನೋಡಿದ್ದು ಬರೀ ವಯಸ್ಸು.

ಮೊದಲ ದಿನ ಐಸಿನಿಂದ ತೆಗೆದು ಒಂದು ಗಂಟೆಗೇ ಪರೀಕ್ಷೆ ಮಾಡಿ ಹತ್ತಕ್ಕೆ ಎರಡೇ ಬಂತು. ಅದು ನೊಣದ ಗುಣವಲ್ಲ, ನಿದ್ದೆಯ ಮಂಪರು. ಒಂದು ದಿನ ಪೂರ್ತಿ ಬಿಟ್ಟು ಮಾಡಿದಾಗ 5 ದಿನದ ಒರೆಗಾನ್-ಕೆ 8 ಅಥವಾ 9, 35 ದಿನದ್ದು 4 ಅಥವಾ 5. ಬಿಳಿ ಕಣ್ಣಿನದು 5 ದಿನದ್ದೂ 6ರ ಮೇಲೆ ಹೋಗಲಿಲ್ಲ. ಕಣ್ಣಿನ ಬಣ್ಣ ಇಲ್ಲದಿದ್ದರೆ ಅದಕ್ಕೆ ನೋಟವೂ ಮಂಕು. ಕಾಯಿಲೆಯ ನೊಣಗಳನ್ನು ಬಹಳ ಸಲ ಬಿಳಿ ಕಣ್ಣಿನ ತಳಿಯ ಮೇಲೇ ಕಟ್ಟಿರುತ್ತಾರೆ. ಅದನ್ನು ಕೆಂಪು ಕಣ್ಣಿನದರ ಜೊತೆ ಹೋಲಿಸಿದರೆ ಕಾಯಿಲೆ ಇಲ್ಲದ ಕಡೆ ಕಾಯಿಲೆ ಕಂಡೀತು. ಮುಂದೆ ಯಾರಾದರೂ ಮಾಡುವಾಗ ಇದು ನೆನಪಿರಲಿ.

ಆಗಸ್ಟ್ 4

ಏಪ್ರಿಲ್‌ನಲ್ಲಿ ಎಸೆದ ಆ 30 ವೆಸ್ಟಿಜಿಯಲ್ ನೊಣಗಳು ನನ್ನನ್ನು ಬಿಟ್ಟಿಲ್ಲ. ಆ ತಳಿಯ ಹುಳು ಬಿಸಿಯಲ್ಲಿ ಬೆಳೆದರೆ ರೆಕ್ಕೆ ಉದ್ದ ಬರುತ್ತದೆ, ಇದು ತುಂಬ ಹಿಂದೆಯೇ ಗೊತ್ತಿರುವ ವಿಷಯ. ತಳಿ ಕೆಟ್ಟಿರಲಿಲ್ಲ. ಲ್ಯಾಬ್ ಎಷ್ಟು ಬಿಸಿ ಇದೆ ಅಂತ ಆ ರೆಕ್ಕೆಗಳು ಥರ್ಮಾಮೀಟರಿಗಿಂತ ಮೊದಲೇ ತೋರಿಸಿದ್ದವು.

ಇವತ್ತು ವೆಸ್ಟಿಜಿಯಲ್‌ನ ಎರಡು ಬಾಟಲಿ ಹಾಕಿದ್ದೇವೆ, ಒಂದೇ ತಾಯಂದಿರ ಮೊಟ್ಟೆ, ಒಂದೇ ದಿನದ ಆಹಾರ. ಒಂದು ಫ್ರಿಜ್‌ನಲ್ಲಿ 25ಕ್ಕೆ. ಇನ್ನೊಂದು ಥರ್ಮೋಕೋಲ್ ಡಬ್ಬಿಯಲ್ಲಿ ಅದೇ 40 ವಾಟ್ ಬಲ್ಬು ಹಾಕಿ 30ಕ್ಕೆ. ಡಬ್ಬಿಗೆ ಬೇರೆ ಸಣ್ಣ ಕಂಟ್ರೋಲರ್, ₹160. ಎರಡರ ಪಕ್ಕವೂ ಥರ್ಮಾಮೀಟರ್ ಇದೆ, ದಿನಕ್ಕೆ ಮೂರು ಸಲ ಬರೆಯುವ ಪಾಳಿ ಮಕ್ಕಳೇ ಹಾಕಿಕೊಂಡಿದ್ದಾರೆ. ಭಾನುವಾರದ ಪಾಳಿ ಮಾಳಿಗೆ ಮನೆಯ ಹುಡುಗಿಯದು, ಪ್ರಿನ್ಸಿಪಾಲರು ಅವಳಿಗೆ ಲ್ಯಾಬಿನ ಬೀಗದ ಕೈ ಕೊಡಲು ಒಪ್ಪಿದ್ದಾರೆ. ರೆಕ್ಕೆಯ ಅಳತೆ 14ನೇ ತಾರೀಖಿನಿಂದ ಶುರು.